ಎಲ್ಲ ಬಾಣಗಳೂ ಸ್ನೇಹಲ್ ಕಡೆಗೆ

ಮೇಲಿನ ಮಾಳಿಗೆಯಿಂದ ಡೈಪರ್ ಬಿತ್ತು. ಕಾಶವ್ವನ ಹೆಗಲಿಗೆ ತಾಗಿ, ಜಾರಿ, ಕಾಲಬುಡದ ನೀರಿಗೆ ಹೋಯಿತು. ಅವಳು ತಲೆ ಎತ್ತಲಿಲ್ಲ. ಎತ್ತಿದರೆ ಮುಂದಿನದು ಮುಖಕ್ಕೇ ಬೀಳಬಹುದು. ಮೊದಮೊದಲು ಕೂಗಾಡುತ್ತಿದ್ದಳು. ಕೂಗಿದರೆ ಕಿಟಕಿ ಮುಚ್ಚುತ್ತಿದ್ದವು, ಸುಮ್ಮನಾದರೆ ಮತ್ತೆ ತೆರೆಯುತ್ತಿದ್ದವು. ಈಗ ಕೂಗುವುದನ್ನು ಬಿಟ್ಟಿದ್ದಾಳೆ.

ಮುಂಬಯಿಯ ಗ್ರಾಂಟ್ ರೋಡಿನ ಹಳೇ ಬಿಲ್ಡಿಂಗುಗಳ ಬೆನ್ನಿಗೆ ಬೆನ್ನು ಬರುವ ಕಡೆ ಒಂದು ಸಂದಿ ಇರುತ್ತದೆ. ಅದಕ್ಕೆ ಹೌಸ್ ಗಲ್ಲಿ ಅನ್ನುತ್ತಾರೆ. ಮೈ ಅಡ್ಡ ತಿರುಗಿಸಿದರೆ ಮಾತ್ರ ಒಳಗೆ ಹೋಗಲು ಸಾಧ್ಯ. ಎರಡೂ ಕಡೆಯ ಕಕ್ಕಸಿನ ಪೈಪುಗಳು ಅಲ್ಲೇ ಇಳಿಯುತ್ತವೆ. ಅರ್ಧಕ್ಕರ್ಧ ಒಡೆದಿರುತ್ತವೆ. ಮುಂದಿನ ರಸ್ತೆಯಲ್ಲಿ ಅಂಗಡಿ, ಲಾಡ್ಜು, ಇಡ್ಲಿ ಸಾಂಬಾರಿನ ಹೋಟೆಲು. ಹಿಂದೆ ಇದು. ಮುಂದಿನ ಬಾಗಿಲಿಗೆ ರಂಗೋಲಿ ಹಾಕುವವರೇ ಹಿಂದಿನ ಕಿಟಕಿಯಿಂದ ಮುಟ್ಟಿನ ಬಟ್ಟೆ ಎಸೆಯುತ್ತಾರೆ. ಹಳಸಿದ ಅನ್ನ, ಸತ್ತ ಹೆಗ್ಗಣ, ದೇವರಿಗೆ ಏರಿಸಿದ ಹೂವು, ಎಲ್ಲ ಒಂದೇ ರಾಶಿ. ಆ ರಾಶಿಯನ್ನು ಕೊಕ್ಕೆಯಿಂದ ಎಳೆದು, ಬುಟ್ಟಿಗೆ ತುಂಬಿ, ತಲೆಯ ಮೇಲಿಟ್ಟು ಹೊರಗೆ ತರುವುದು ಕಾಶವ್ವನ ಕೆಲಸ. ಕಂತ್ರಾಟುದಾರ ಕೊಟ್ಟ ಗಂಬೂಟು ಗಂಡಸಿನ ಅಳತೆಯದು. ಒಳಗೆ ನೀರು ಹೊಕ್ಕರೆ ಹೆಜ್ಜೆಹೆಜ್ಜೆಗೂ ಪಚಪಚ ಅನ್ನುತ್ತದೆ.

ರವಿಕೆಯೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಫೋನು ಗುಂಯ್‌ಗುಟ್ಟಿತು. ಗಂಡ ಮರೆಪ್ಪ. ಬಂದರದ ಗೋದಾಮಿನಲ್ಲಿ ಹಮಾಲಿ ಮಾಡುವವನು ಕೆಲಸದ ಹೊತ್ತಿನಲ್ಲಿ ಫೋನು ಮಾಡುವುದಿಲ್ಲ. ಅವಳು ಚೀಲದ ಸಮೇತ ಫೋನನ್ನು ಕಿವಿಗೊತ್ತಿದಳು.

"ಏನಾತು?"

"ಫೋಟೋ ನೋಡಿದೇನು? ಸ್ನೇಹಲ್‌ನ ಸಾಲಿ ಗ್ರೂಪಿನ್ಯಾಗ ಬಂದೈತಿ. ಇಡೀ ಕ್ಲಾಸಿನ್ಯಾಗ ನಮ್ಮ ಹುಡುಗೀನ ಎಲ್ಲಾರಕಿಂತ ದೊಡ್ಡ ಗೋಲ ಆಗ್ಯಾಳ!"

"ಗೋಲಂದ್ರ ಏನೋ?"

"ನನಗೇನ್ ಗೊತ್ತ. ದೊಡ್ಡದಂದ್ರ ಚಲೋನ ಇರತೈತಿ ತಗೋ."

ಕಾಶವ್ವ ಸಂದಿಯಿಂದ ಹೊರಬಂದಳು. ಕೈಗವಸು ಕಳಚಿದಳು, ನಳದಲ್ಲಿ ಕೈ ತೊಳೆದಳು, ಸೆರಗಿಗೆ ಒರೆಸಿ ಚೀಲದಿಂದ ಫೋನು ತೆಗೆದಳು. ಬಿಳೀ ಹಾಳೆಯ ಮೇಲೆ ಸಣ್ಣ ಸಣ್ಣ ಗೋಲಗಳು. ಗೋಲಕ್ಕೊಂದು ಹೆಸರು. ನಡುವೆ ಕೆಂಪನೆಯ ದೊಡ್ಡದೊಂದು ಗೋಲ. ಎಲ್ಲ ಗೋಲಗಳಿಂದಲೂ ಬಾಣದ ಗೆರೆ ಹೊರಟು ಆ ಕೆಂಪಿಗೇ ಬಂದು ಮುಟ್ಟಿವೆ. ಇಂಗ್ಲಿಷ್ ಅವಳಿಗೆ ಬಾರದು, ಆದರೆ ಮಗಳ ಹೆಸರಿನ ಅಕ್ಷರಗಳ ಗುರುತು ಇದೆ. ಕೆಂಪು ಗೋಲದೊಳಗೆ ಅವೇ ಅಕ್ಷರ. ಕಾಶವ್ವ ಹೌಸ್ ಗಲ್ಲಿಯ ಬಾಯಲ್ಲಿ ನಿಂತು ನಕ್ಕಳು. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಇಬ್ಬರು ಇವಳಿಗೇನೋ ತಲೆ ಕೆಟ್ಟಿದೆ ಎಂದು ದೂರ ಸರಿದರು. ಸರಿಯಲಿ. ಅವರು ದಿನಾ ಸರಿಯುತ್ತಾರೆ.

ಆ ನಗುವಿನ ಹಿಂದೆ ಒಂದು ಹಟವಿತ್ತು. ಮಗಳು ಹುಟ್ಟಿದ ದಿನ ಕಾಶವ್ವ ಹಿಡಿದ ಹಟ: ಈ ಹುಡುಗಿ ಕಸಬರಿಗೆ ಮುಟ್ಟಬಾರದು. ತನ್ನ ಅವ್ವ ವಿಜಾಪುರದ ಬೀದಿ ಗುಡಿಸಿದವಳು, ಅತ್ತೆ ವಡಾಲದ ಗಟಾರ ತೆಗೆದವಳು, ತಾನು ಇಲ್ಲಿ. ಸಾಕು. ಚಾಳಿನ ಒಂಟಿ ಖೋಲಿಯ ಕಸವನ್ನು ತಾನೇ ಗುಡಿಸುತ್ತಾಳೆ, ಮೈ ಬಿಸಿಯಿದ್ದರೂ. ಹುಡುಗಿ ಉಂಡ ತಾಟನ್ನೂ ತೊಳೆಯಗೊಡುವುದಿಲ್ಲ. ಪಕ್ಕದ ಖೋಲಿಯ ಬೀಬೀಜಾನ ಆಡಿಕೊಳ್ಳುತ್ತಾಳೆ: "ಕಾಶವ್ವಾ, ನಿನ್ನ ಶಹಜಾದಿಗೆ ಲಗ್ನ ಆದ್ರ ಗಂಡ ಗುಡಸ್ತಾನೇನು?" ಕಾಶವ್ವ ಅನ್ನುತ್ತಾಳೆ: "ಗುಡಸಲಿ. ಅವಗೇನ್ ಕೈ ಇಲ್ಲೇನು?"

ಕೆಲಸದಿಂದ ಬಂದರೆ ಸೀದಾ ಖೋಲಿಯ ಹಿಂದಿನ ಗೋಣಿತಟ್ಟಿನ ಮರೆಗೆ. ಮೈ ತೊಳೆಯದೆ ಮಗಳನ್ನು ಮುಟ್ಟಿದ್ದೇ ಇಲ್ಲ. ಈಚೆಗೆ ಕೆಲವು ತಿಂಗಳಿಂದ ಅವಳಿಗೊಂದು ಕಾಟ ಶುರುವಾಗಿತ್ತು. ಮಗಳನ್ನು ತಬ್ಬಿಕೊಂಡಾಗಲೆಲ್ಲ ಫಿನಾಯಿಲ್ ವಾಸನೆ. ಅದರಡಿಗೆ ಇನ್ನೂ ಏನೋ ಹುಳಿ ಹುಳಿ. ತನ್ನದೇ ವಾಸನೆ ಎಂದುಕೊಂಡಳು. ಬೇರೆ ಯಾರದಿರಲು ಸಾಧ್ಯ? ಸಾಬೂನು ಬದಲಾಯಿಸಿದಳು. ಕಲ್ಲು ಹಾಕಿ ತಿಕ್ಕಿದಳು. ಮೊಳಕೈ ಸುಲಿದು ರಕ್ತ ಬಂತು. ವಾಸನೆ ಹೋಗಲಿಲ್ಲ. ನನ್ನ ಹೊಲಸು ಚರ್ಮದೊಳಗೇ ಇಳಿದಿದೆ ಎಂದುಕೊಂಡು ಮಗಳನ್ನು ತಬ್ಬುವುದನ್ನೇ ಕಡಿಮೆ ಮಾಡಿದಳು.

ಸ್ನೇಹಲ್ ಚೆಂಬೂರಿನ ಇಂಗ್ಲಿಷ್ ಶಾಲೆಯಲ್ಲಿ ಆರನೇ ಇಯತ್ತೆ. ಬಡಮಕ್ಕಳಿಗೆಂದು ಸರಕಾರ ತೆಗೆದಿಡಿಸಿದ ಸೀಟು ಲಾಟರಿಯಲ್ಲಿ ಹತ್ತಿತ್ತು. ಬೀಬೀಜಾನಳ ಮಗಳು ಮುಬೀನಾಗೂ ಅದೇ ಲಾಟರಿಯಲ್ಲಿ ಅದೇ ಶಾಲೆ. ಇಬ್ಬರೂ ಕೂಡಿ ಲೋಕಲ್ ರೈಲು ಹತ್ತುತ್ತಾರೆ, ಕೂಡಿ ಬರುತ್ತಾರೆ.

ಅವತ್ತು ಸಂಜೆ ಕಾಶವ್ವ ಮಗಳನ್ನು ಎದುರಿಗೆ ಕೂಡಿಸಿಕೊಂಡು ಫೋನು ಹಿಡಿದಳು.

"ಇದೇನ್ ಹೇಳು ನನಗ."

"ಸರ್ವೇ, ಮಮ್ಮಿ." ಹುಡುಗಿಯ ಕನ್ನಡ ಎಡವುತ್ತ ಎಡವುತ್ತ ಬರುತ್ತದೆ. "ರೋಶನ್ ಸರ್ ಬಂದಿದ್ರು, ಸಂಸ್ಥಾದಿಂದ. ಸಬ್‌ಕೋ ಪೇಪರ್ ಕೊಟ್ರು. ಕ್ಲಾಸ್‌ನ್ಯಾಗ ದೋಸ್ತಿ ಹೆಂಗೈತಿ ನೋಡಾಕ. ಡಬ್ಬಾ ಯಾರ ಜೋಡಿ ತಿಂತೀ, ಯಾರ ಘರ್ ಹೋಗ್ತೀ, ಅಭ್ಯಾಸ ಯಾರ ಜೋಡಿ, ಮತ್ತ... ಕ್ಲಾಸ್‌ನ್ಯಾಗ ಪ್ರಾಬ್ಲಮ್ ಆದ್ರ ಯಾರಿಗೆ ಕರೀತೀ. ಹೆಸರು ಬರೀಬೇಕು. ವಿಜೇತಾ ಟೀಚರ್ ಅದನ್ನ ಲ್ಯಾಪ್‌ಟಾಪ್‌ನ್ಯಾಗ ಹಾಕಿದ್ರು. ಯಾರ ಹೆಸರು ಜಾಸ್ತಿ ಬರತದ, ಅವರ ಗೋಲ ದೊಡ್ಡದು."

"ಈ ಫೋಟೋ ಯಾವ ಮಾತಿಂದು?"

"ಲಾಸ್ಟ್‌ವಾಲಾ. ಪ್ರಾಬ್ಲಮ್."

"ಎಲ್ಲಾರೂ ನಿನ್ನ ಕರೀತಾರ?"

"ಹಾಂ."

"ಯಾಕ ನಿನ್ನನ್ನ?"

ಸ್ನೇಹಲ್ ಉಗುರಿನ ಪಕ್ಕದ ಚರ್ಮ ಕೀಳುತ್ತಿದ್ದಳು. "ಕರೀತಾರ, ಮಮ್ಮಿ. ಬಸ್."

ಇದು ನಾಚಿಕೆ ಎಂದುಕೊಂಡಳು ತಾಯಿ. ಎಂಥ ಗುಣದ ಹುಡುಗಿ, ಹೆಚ್ಚುಗಾರಿಕೆ ಹೇಳಿಕೊಳ್ಳುವುದಿಲ್ಲ ಎಂದು ಹಿಗ್ಗಿದಳು. ಮರೆಪ್ಪ ಪೇಢೆ ತಂದ. ಚಾಳಿನ ಎಲ್ಲ ಬಾಗಿಲಿಗೂ ಹೋಗಿ ಹಂಚಿದ. ಆ ಚಿತ್ರವನ್ನೇ ಫೋನಿನ ಮುಖಕ್ಕೆ ಅಂಟಿಸಿಕೊಂಡು, ಯಾರು ಸಿಕ್ಕರೂ ಬೆರಳಿಟ್ಟು ತೋರಿಸಿದ: "ನಡುವಿಂದು ನಮ್ಮಕಿ." ಮುಬೀನಾ ಮಾತ್ರ ಪೇಢೆ ತೆಗೆದುಕೊಳ್ಳಲಿಲ್ಲ. ಹಲ್ಲು ನೋವು ಎಂದಳು. ಸ್ನೇಹಲ್ ಅವಳ ಮುಖ ನೋಡಿದಳು, ಅವಳು ನೆಲ ನೋಡಿದಳು. ಪೇಢೆಯ ಗದ್ದಲದಲ್ಲಿ ಇದನ್ನೆಲ್ಲ ಗಮನಿಸುವವರು ಯಾರು?

ಮಾರನೇ ದಿನ ವಿಜೇತಾ ಟೀಚರ್ ಫೋನು ಬಂತು. ಟೀಚರ್ ಕನ್ನಡದವರೇ, ಉಡುಪಿ ಕಡೆಯವರು. ಕನ್ನಡದವರು ಅನ್ನುವ ಒಂದೇ ಕಾರಣಕ್ಕೆ ಕಾಶವ್ವನಿಗೆ ಅವರ ಮೇಲೆ ಜೀವ.

"ನಿಮ್ಮ ಮಗಳು ಭಾರೀ ಒಳ್ಳೇ ಹುಡುಗಿ ಅಕ್ಕ. ಶನಿವಾರ ಮಧ್ಯಾಹ್ನ ಹಾಲ್‌ನಲ್ಲಿ ಫಂಕ್ಷನ್. ಅವಳಿಗೆ ಪ್ರೈಜ್ ಕೊಡ್ತಾರೆ. ನಿಮ್ಮನ್ನೂ ಸ್ಟೇಜಿಗೆ ಕರೀಲಿಕ್ಕುಂಟು. ಸಂಸ್ಥೆಗೆ ಹಣ ಕೊಡುವ ಕಂಪನಿಯವರು ಬರ್ತಾರೆ, ಫೋಟೋ ತೆಗೀತಾರೆ."

"ಬರ್ತೀನ್ರಿ ಟೀಚರ್. ರಜಾ ಹಾಕಿ ಬರ್ತೀನಿ."

"ಹಾಂ, ಹಾಗೆ ಮಾಡಿ. ಡ್ಯೂಟಿಯಿಂದ ಸೀದಾ ಬರ್ಬೇಡಿ ಆಯ್ತಾ."

ಮೆತ್ತಗೆ ಹೇಳಿದರು. ಇಂಥವರು ಎಲ್ಲವನ್ನೂ ಮೆತ್ತಗೇ ಹೇಳುತ್ತಾರೆ. ಕಾಶವ್ವ ನುಂಗಿಕೊಂಡಳು. ಮಗಳ ಪ್ರೈಜಿನ ಮುಂದೆ ಇದೇನು ಮಹಾ.

ಶನಿವಾರ ಅವಳು ಇಳಕಲ್ ಸೀರೆ ಉಟ್ಟಳು. ತಲೆಗೆ ಎಣ್ಣೆ, ಮುಡಿಗೆ ಅಬ್ಬಲಿ. ಶಾಲೆಯ ಹಾಲ್‌ನಲ್ಲಿ ಅವಳನ್ನು ಮುಂದಿನ ಸಾಲಿನ ಮೆತ್ತನೆ ಕುರ್ಚಿಯಲ್ಲಿ ಕೂಡಿಸಿದರು. ಪಕ್ಕದ ಹೆಂಗಸು ತನ್ನ ಪರ್ಸನ್ನು ಇವಳ ಕಡೆಯ ಮಗ್ಗುಲಿಂದ ತೆಗೆದು ಆಚೆ ಮಗ್ಗುಲಿಗೆ ಇಟ್ಟುಕೊಂಡಳು. ಮಕ್ಕಳಿಗೆಲ್ಲ ಸಮೋಸಾ, ಬಣ್ಣದ ಸೋಡಾ ಕೊಟ್ಟಿದ್ದರು. ಮೇ ತಿಂಗಳಿಗೆ ಸಮೀಪದ ಸೆಕೆ. ಫ್ಯಾನುಗಳು ತಿರುಗಿದರೂ ಬಿಸಿಗಾಳಿಯನ್ನೇ ಕಲಕುತ್ತಿದ್ದವು.

ವೇದಿಕೆಯ ಹಿಂದೆ ದೊಡ್ಡ ಪರದೆ. ಪರದೆ ತುಂಬ ಆ ಚಿತ್ರ. ಫೋನಿನಲ್ಲಿ ಗೋಲಿಯಷ್ಟಿದ್ದ ಕೆಂಪು ಗೋಲ ಇಲ್ಲಿ ಎತ್ತಿನ ಬಂಡಿಯ ಗಾಲಿಯಷ್ಟಾಗಿತ್ತು. ರೋಶನ್ ಸರ್ ಎಳೇ ವಯಸ್ಸಿನವನು, ಖಾದಿ ಜುಬ್ಬಾ, ಕೈಯಲ್ಲಿ ಮೈಕು. ಹಿಂದಿಯಲ್ಲಿ ಮಾತಾಡಿದ. ಕಾಶವ್ವನಿಗೆ ಹಿಂದಿ ತಿಳಿಯುತ್ತದೆ.

"ಈ ಬಾಣಗಳನ್ನು ನೋಡಿ. ಒಂದೊಂದು ಬಾಣವೂ ಒಂದೊಂದು ಮಗುವಿನ ನಂಬಿಕೆ. ಕಷ್ಟ ಬಂದಾಗ ಈ ಮಕ್ಕಳು ಯಾರನ್ನು ಕರೆಯುತ್ತಾರೆ? ಮಾನಿಟರನ್ನಲ್ಲ, ಫಸ್ಟ್ ರ್‍ಯಾಂಕಿನವರನ್ನಲ್ಲ. ಸ್ನೇಹಲ್‌ಳನ್ನು! ಸಮಾಜದ ಕಟ್ಟಕಡೆಯ ಮನೆಯಿಂದ ಬಂದ ಮಗು ಇವತ್ತು ತರಗತಿಯ ನಟ್ಟನಡುವೆ ನಿಂತಿದೆ. ನಾನು ಹೇಳುತ್ತಿಲ್ಲ, ಡೇಟಾ ಹೇಳುತ್ತಿದೆ."

ಚಪ್ಪಾಳೆ ಬಿತ್ತು. ಕಂಪನಿಯ ಸಾಹೇಬರು ತಲೆದೂಗಿದರು. ಪ್ರಿನ್ಸಿಪಾಲ್ ಮೇಡಂ ಕೈ ಮೇಲೆತ್ತಿ ಎಲ್ಲರಿಗೂ ಕಾಣುವಂತೆ ತಟ್ಟಿದರು. ಸ್ನೇಹಲ್‌ಳನ್ನು ವೇದಿಕೆಗೆ ಕರೆದು ಹೆಗಲಿಂದ ಸೊಂಟದವರೆಗೆ ಸ್ಯಾಟಿನ್ ಪಟ್ಟಿ ಹಾಕಿದರು, ಮೇಲೆ ಬಂಗಾರ ಬಣ್ಣದ ಅಕ್ಷರ. ಕಾಶವ್ವ ಅತ್ತಳು. ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಗಲ್ಲಿಗಳಲ್ಲಿ ಹೊತ್ತ ಬುಟ್ಟಿಗಳೆಲ್ಲ ಆ ಗಳಿಗೆಯಲ್ಲಿ ತಲೆಯಿಂದ ಇಳಿದವು.

ಆಗ ಎರಡನೇ ಸಾಲಿನಲ್ಲಿ ಅಮಿತ ಎಂಬ ಹುಡುಗ ಎದ್ದು ನಿಂತ. ಕೈಯನ್ನು ಬಾಯಿಗೆ ಒತ್ತಿಕೊಂಡು ಓಡಲು ನೋಡಿದ. ಆಗಲಿಲ್ಲ. ವೇದಿಕೆಯ ಮುಂದೆಯೇ ಭಳಕ್ಕನೆ ಕಕ್ಕಿದ. ಸಮೋಸಾ, ಕಿತ್ತಳೆ ಬಣ್ಣದ ಸೋಡಾ, ಬೆಳಗಿನ ಹಾಲು. ಇನ್ನೊಮ್ಮೆ ಕಕ್ಕಿದ. ಹುಳಿ ನಾತ ಫ್ಯಾನಿನ ಗಾಳಿಗೆ ಸಭಾಂಗಣದ ತುಂಬ ಹರಡಿತು. ಸಾಹೇಬರು ಕರವಸ್ತ್ರ ತೆಗೆದರು.

"ಸ್ನೇಹಲ್!"

ಯಾವುದೋ ಹುಡುಗಿ ಕೂಗಿದಳು. ಹಿಂದೆಯೇ ಇನ್ನೊಬ್ಬ. "ಏ ಸ್ನೇಹಲ್!" ಆಮೇಲೆ ಇಡೀ ಕ್ಲಾಸು, ಬೇಗ ಬಾ ಎಂದು. "ಸ್ನೇಹಲ್, ಆ ನಾ ಜಲ್ದಿ!" ದನಿಯಲ್ಲಿ ಸಿಟ್ಟಿರಲಿಲ್ಲ, ಕುಚೇಷ್ಟೆ ಇರಲಿಲ್ಲ. ಕತ್ತಲಾದರೆ ಲೈಟು ಹಾಕು ಅನ್ನುವಷ್ಟೇ ಸಹಜ. ಮಕ್ಕಳ ತಲೆಗಳೆಲ್ಲ ಒಂದೇ ಕಡೆಗೆ ತಿರುಗಿದವು. ಪರದೆಯ ಮೇಲೆ ಬಾಣಗಳು, ಪರದೆಯ ಕೆಳಗೆ ಮುಖಗಳು, ಎಲ್ಲವೂ ಸ್ನೇಹಲ್ ಕಡೆಗೆ. ಮುಬೀನಾ ಒಬ್ಬಳು ತಲೆ ತಗ್ಗಿಸಿ ಕೂತಿದ್ದಳು.

ಸ್ನೇಹಲ್ ಒಂದು ಕ್ಷಣವೂ ಯೋಚಿಸಲಿಲ್ಲ. ಪಟ್ಟಿ ಕೊಳೆಯಾಗಬಾರದೆಂದು ಕಳಚಿ, ಮಡಿಸಿ, ಟೇಬಲ್ಲಿನ ಮೇಲಿಟ್ಟಳು. ವೇದಿಕೆಯಿಂದ ಜಿಗಿದಳು. ವೇದಿಕೆಯ ಪಕ್ಕದ ಮೂಲೆಗೆ ಹೋಗಿ ಬಕೀಟು, ನೆಲ ಒರೆಸುವ ಪೋಚಾದ ಕೋಲು, ಹಳೇ ಪೇಪರು, ಫಿನಾಯಿಲ್ ಬಾಟಲಿ ತಂದಳು. ಎಲ್ಲಿದೆ ಎಂದು ಯಾರನ್ನೂ ಕೇಳಲಿಲ್ಲ. ಮೊಣಕಾಲೂರಿ ಕೂತು, ಪೇಪರಿನಿಂದ ವಾಂತಿಯನ್ನು ಬಳಿಯತೊಡಗಿದಳು. ಉಸಿರನ್ನು ಬಾಯಲ್ಲಿ ಹಿಡಿದಿದ್ದಳು. ಅವಳ ಬೆರಳ ಸಂದಿಯಿಂದ ಕಿತ್ತಳೆ ನೀರು ಸೋರಿತು. ಮೇಲೆ ಫಿನಾಯಿಲ್ ಸುರಿದಳು.

ಆ ವಾಸನೆ ಕಾಶವ್ವನ ಮೂಗಿಗೆ ಬಂತು. ಫಿನಾಯಿಲ್, ಅದರಡಿಗೆ ಹುಳಿ. ಇದೇ. ಎಷ್ಟು ತಿಂಗಳಿಂದ ತನ್ನ ಚರ್ಮ ಸುಲಿದುಕೊಂಡದ್ದು ಇದೇ ವಾಸನೆಗೆ. ಅದು ಮಗಳ ಮೈಯದಾಗಿತ್ತು.

ಕುರ್ಚಿ ಹಿಂದಕ್ಕೆ ಬಿತ್ತು. ಕಾಶವ್ವ ಮಗಳ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿದಳು.

"ಇದು ಎಲ್ಲಿ ಕಲ್ತಿ?"

"ಛೋಡ್ ನಾ ಮಮ್ಮಿ. ದೋ ಮಿನಿಟ್."

"ಎಲ್ಲಿ ಕಲ್ತೀ ಅಂದೆ!"

ವಿಜೇತಾ ಟೀಚರ್ ಓಡಿ ಬಂದರು. "ಅಕ್ಕ, ಅಕ್ಕ, ಗಲಾಟೆ ಬೇಡ. ಗೆಸ್ಟ್ ಇದ್ದಾರೆ. ಮೊದಲು ಕ್ಲೀನ್ ಮಾಡ್ಲಿಕ್ಕೆ ಮೂರು ಮೌಶಿ ಇದ್ರು, ಈಗ ಒಬ್ಬಳೇ, ಅವಳೂ ಮಧ್ಯಾಹ್ನಕ್ಕೆ ಹೋಗ್ತಾಳೆ. ಸ್ನೇಹಲ್ ಪಾಪ ಸಹಾಯ ಮಾಡ್ತಾಳೆ. ನಾವು ಒತ್ತಾಯ ಮಾಡಿದ್ದಲ್ಲ."

"ಮತ್ತ ಯಾರ್‍ಯಾರ ಮಕ್ಕಳು ಸಹಾಯ ಮಾಡ್ತಾರ್ರಿ? ಹೆಸರು ಹೇಳ್ರಿ."

ಟೀಚರ್ ಸಾಹೇಬರ ಕಡೆ ನೋಡಿದರು.

"ಒಂದು ಹೆಸರು ಹೇಳ್ರಿ ನನಗ."

"ಹಾಗಲ್ಲ ಅಕ್ಕ. ಬೇರೆ ಮಕ್ಕಳಿಗೆ ಹೇಸಿಗೆ ಆಗ್ತದೆ. ಇವಳಿಗೆ ಅಭ್ಯಾಸ ಉಂಟಲ್ಲ, ಮನೇಲಿ ನಿಮ್ಮನ್ನು ನೋಡಿ ನೋಡಿ..."

"ನಮ್ಮ ಮನ್ಯಾಗ ಅಕಿ ಕಸಬರಿಗಿ ಮುಟ್ಟಿಲ್ಲ!" ಕಾಶವ್ವನ ದನಿ ಒಡೆಯಿತು. "ತಾಟು ತೊಳಿಯಾಕ ಬಿಟ್ಟಿಲ್ಲ ನಾ. ಅಭ್ಯಾಸ ಮಾಡ್ಸಿದಾವ್ರು ನೀವು. ಇಂಗ್ಲಿಷ್ ಕಲಸ್ರಿ ಅಂತ ಕಳಿಸಿದ್ರ ಹೇಲು ಬಳಿಯೋದು ಕಲಿಸಿದ್ರಿ."

"ಚಾಚೀ." ಮುಬೀನಾ ಎದ್ದು ನಿಂತಿದ್ದಳು. "ದಿನಾ ಕರೀತಾರ ಅಕಿಗೆ. ಯಾರರ ವಾಂತಿ ಮಾಡಿದ್ರ ಸ್ನೇಹಲ್. ಚೂಹಾ ಸತ್ರ ಸ್ನೇಹಲ್. ಬಾಥ್‌ರೂಮ್ ಜಾಮ್ ಆದ್ರ ಸ್ನೇಹಲ್. ಆಮ್ಯಾಲ ಹತ್ತಿರ ಕುಂದ್ರಗೊಡಂಗಿಲ್ಲ, ಕೈ ನಾರತೈತಿ ಅಂತಾರ. ಖಾನೇಕೂ ಕೋಯಿ ನೈ ಬುಲಾತಾ ಚಾಚೀ. ಡಬ್ಬಾ ಅಕಿ ಜೋಡಿ ತಿನ್ನಾಕಿ ನಾ ಒಬ್ಬಾಕಿ."

ಕಾಶವ್ವ ವೇದಿಕೆಯ ಮೇಲಿದ್ದ ರೋಶನ್ ಕಡೆ ತಿರುಗಿ, ಊಟದ ಡಬ್ಬಿಯ ಚಿತ್ರ ಕೇಳಿದಳು.

"ಸಾಬ್, ವೋ ಡಬ್ಬಾ ಖಾನೇವಾಲಾ ಫೋಟೋ ದಿಖಾವ್."

ರೋಶನ್ ಗಲಿಬಿಲಿಗೊಂಡ. ಗುಂಡಿ ಒತ್ತಿದ. ಅವನಿಗೆ ಆ ಚಿತ್ರದ ಮೇಲೂ ಹೆಮ್ಮೆಯೇ ಇತ್ತು. ಪರದೆಯ ಮೇಲೆ ಹಸಿರು ಗೋಲಗಳು ಮೂಡಿದವು. ಒಂದಕ್ಕೊಂದು ಗೆರೆ ಹೆಣೆದುಕೊಂಡ ಚೆಂದದ ಬಲೆ. ಕಾಶವ್ವ ತನಗೆ ಗುರುತಿರುವ ಅಕ್ಷರಗಳನ್ನು ಹುಡುಕಿದಳು. ಮೇಲೆ ಹುಡುಕಿದಳು, ಕೆಳಗೆ ಹುಡುಕಿದಳು, ಅಂಚುಗಳಲ್ಲಿ ಹುಡುಕಿದಳು. ಇರಲಿಲ್ಲ.

"ಇದರಾಗ ನನ್ನ ಮಗಳು ಎಲ್ಲೆದಾಳ?"

ವಿಜೇತಾ ಟೀಚರ್ ಆ ಮಾತನ್ನು ಹಿಂದಿಗೆ ತಿರುಗಿಸಲಿಲ್ಲ. ಬೇಕಾಗಲೂ ಇಲ್ಲ. ರೋಶನ್‌ಗೆ ಅರ್ಥವಾಗಿತ್ತು.

"ಅದು... ಸ್ನೇಹಲ್, ಮುಬೀನಾ, ಈ ಇಬ್ಬರು ಹುಡುಗಿಯರು ಮಾತ್ರ ಬೇರೆ ಬರುತ್ತಿದ್ದರು," ಅಂದ ಅವನು. "ಇವಳು ಅವಳ ಹೆಸರು, ಅವಳು ಇವಳ ಹೆಸರು. ಉಳಿದ ಯಾರ ಜೊತೆಗೂ ಗೆರೆ ಇಲ್ಲ. ಚಿತ್ರದ ಮೂಲೆಗೆ ಹೋಗಿ ನಿಲ್ಲುತ್ತಿದ್ದರು. ನೋಡಲು ಸರಿ ಕಾಣಲಿಲ್ಲ. ಅದಕ್ಕೆ ತೆಗೆದೆ."

ತೆಗೆದೆ ಎಂದ. ಅಷ್ಟೇ ಹಗುರವಾಗಿ. ಕೆಟ್ಟ ಹುಡುಗನಲ್ಲ ಅವನು. ಊಟದ ಹೊತ್ತಿಗೆ ಯಾರಿಗೂ ಬೇಡವಾದ ಮಗುವನ್ನು ಒಂದು ಗುಂಡಿ ಒತ್ತಿ ಅಳಿಸಿದ, ಕಕ್ಕಿದ ಹೊತ್ತಿಗೆ ಎಲ್ಲರಿಗೂ ಬೇಕಾದ ಮಗುವಿಗೆ ಕೆಂಪು ಬಣ್ಣ ಬಳಿದ. ಮಧ್ಯೆ ನಿಂತು ಒಂದು ಸಲ, ಯಾಕೆ ಎಂದು ಕೇಳಲಿಲ್ಲ. ಗಲ್ಲಿಯೊಳಗೆ ಎಂದೂ ಬಾರದ ವಾಕರಿಕೆ ಕಾಶವ್ವನಿಗೆ ಆ ತಂಪು ಬಣ್ಣ ಬಳಿದ ಸಭಾಂಗಣದಲ್ಲಿ ಬಂತು. ಇವರ ನಗುವಿಗೆ, ಇವರ ಚಪ್ಪಾಳೆಗೆ, ಇವರ ಪಾಪ ಎನ್ನುವ ಮಾತಿಗೆ ಹೇಸಿಕೆ ಬಂತು.

ಸ್ನೇಹಲ್ ಅಳುತ್ತಿದ್ದಳು. "ಮಮ್ಮಿ, ನಾ ಮಾಡಲಿಲ್ಲಂದ್ರ ಯಾರೂ ಕರಿಯಂಗಿಲ್ಲ. ಹೆಸರು ಭೀ ತಗೊಳ್ಳಂಗಿಲ್ಲ. ಇದಕ್ಕಾದ್ರೂ ಕರೀತಾರ."

ಕಾಶವ್ವ ಮಗಳ ಕೈಯನ್ನು ತನ್ನ ಇಳಕಲ್ ಸೆರಗಿನಿಂದ ಒರೆಸಿದಳು. ಬೆರಳು ಬೆರಳು ಬಿಡಿಸಿ ಒರೆಸಿದಳು. ರೇಷ್ಮೆ ಸೆರಗು ಕಿತ್ತಳೆ ಬಣ್ಣಕ್ಕೆ ತಿರುಗಿತು.

ಪ್ರಿನ್ಸಿಪಾಲ್ ಮೇಡಂ ಈಗ ಕೆಳಗಿಳಿದು ಬಂದರು. ವಾಂತಿಗೆ ಒಂದು ಮಾರು ದೂರ ನಿಂತರು. ಹಿಂದಿಯಲ್ಲಿ, ಹಲ್ಲು ಕಾಣುವಂತೆ ನಗುತ್ತ ಹೇಳಿದರು: "ನೋಡಿ ಬಾಯಿ, ಮಗುವಿಗೆ ಬೇಡವೆಂದರೆ ಬಿಡಿ. ಅದರ ಬಗ್ಗೆ ಸೋಮವಾರ ಮಾತಾಡೋಣ. ಈಗ ನೀವೇ ಒಂದು ಸಲ ಒರೆಸಿಬಿಡಿ. ನಿಮಗೆ ರೂಢಿ ಇದೆಯಲ್ಲ."

"ನೈ ಕರೇಗಿ."

"ಏನು?"

"ನಾ ಒರಸಂಗಿಲ್ಲ. ಅಕೀನೂ ಒರಸಂಗಿಲ್ಲ." ಬಿದ್ದ ಕುರ್ಚಿಯನ್ನು ಎತ್ತಿಟ್ಟು ಕಾಶವ್ವ ಅದರಲ್ಲಿ ಕೂತಳು. ಪರ್ಸಿನ ಹೆಂಗಸು ಎದ್ದುಹೋಗಿದ್ದ ಕುರ್ಚಿಯಲ್ಲಿ ಮಗಳನ್ನು ಕೂಡಿಸಿದಳು. "ಪ್ರೈಜಿಗೆ ಕರದೀರಿ, ಬಂದೀವಿ. ಇಲ್ಲೇ ಕುಂದ್ರತೀವಿ."

ಅಮಿತನ ತಾಯಿ ಮಗನ ಬಾಯಿ ಒರೆಸಿ, ನೀರು ಕುಡಿಸಿ, ಹೊರಗೆ ಕರೆದುಕೊಂಡು ಹೋದಳು. ನೆಲದ ಕಡೆ ನೋಡಲೇ ಇಲ್ಲ. ಮಗ ಅವಳದು, ಕಕ್ಕಿದ್ದು ಮಾತ್ರ ಯಾರದೋ. ಪಾಲಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ಜನ, ಅಷ್ಟು ಕೈ. ಒಂದು ಕೈಯೂ ಬಕೀಟಿನ ಕಡೆ ಚಾಚಲಿಲ್ಲ. ಕೊನೆಗೆ ಪ್ರಿನ್ಸಿಪಾಲ್ ಮೈಕು ತೆಗೆದುಕೊಂಡು, ಕಾರ್ಯಕ್ರಮ ಮೇಲಿನ ಲೈಬ್ರರಿಯಲ್ಲಿ ಮುಂದುವರಿಯುತ್ತದೆ ಎಂದರು. ನಂಬುತ್ತೀರಾ? ಒಂದು ಹಿಡಿ ವಾಂತಿ ಮುಟ್ಟುವುದಕ್ಕಿಂತ ಒಂದು ಶಾಲೆಯನ್ನೇ ಎತ್ತಿ ಮೇಲಿನ ಮಾಳಿಗೆಗೆ ಒಯ್ಯುವುದು ಇವರಿಗೆ ಸುಲಭವಾಯಿತು. ಮಕ್ಕಳು ಮೂಗು ಹಿಡಿದು ದಾಟಿಕೊಂಡು ಹೋದರು. ವಿಜೇತಾ ಟೀಚರ್ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ ಹೋದರು.

ಮುಬೀನಾ ಹೋಗಲಿಲ್ಲ. ಸ್ನೇಹಲ್‌ಳ ಮಗ್ಗುಲಿಗೆ ಬಂದು ಕೂತಳು.

"ಮಮ್ಮಿ," ಸ್ವಲ್ಪ ಹೊತ್ತಿನ ಮೇಲೆ ಸ್ನೇಹಲ್ ಪಿಸುಗುಟ್ಟಿದಳು, "ಒಣಗಿ ಹೋಗತದ. ಆಮ್ಯಾಲ ನಿಕಲತಾ ನಹೀಂ. ತೆಗಿಲೇನು?"

"ಕುಂದ್ರು."

"ಸ್ಕೂಲಿಂದ ತೆಗದ್ರ?"

ತೆಗೆಯಬಲ್ಲರು. ಇವರಿಗೆ ದಾರಿ ನೂರಿವೆ. ಬೇರೆ ಶಾಲೆ ಎಲ್ಲಿ ಹುಡುಕಲಿ? ಮರೆಪ್ಪನಿಗೆ ಏನು ಹೇಳಲಿ? ಚಾಳಿಗೆ ಏನು ಹೇಳಲಿ? ಹೆದರಿಕೆಯಾಯಿತು. ಆದರೂ ಅವಳು ಏಳಲಿಲ್ಲ. ಈಗ ಎದ್ದು ಪೋಚಾ ಹಿಡಿದರೆ ಈ ಹುಡುಗಿ ಮತ್ತೆಂದೂ ಕುರ್ಚಿಯ ಮೇಲೆ ಕೂಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಬಾಗಿಲ ಹತ್ತಿರ ಎತ್ತರ ಹಿಮ್ಮಡಿಯ ಚಪ್ಪಲಿಯ ಸದ್ದಾಯಿತು. ಪ್ರಿನ್ಸಿಪಾಲ್ ಒಬ್ಬರೇ ಬಂದರು. ಕಂಪನಿಯ ಸಾಹೇಬರಿಗೆ ಪರದೆಯ ಮುಂದೆಯೇ ಫೋಟೋ ಬೇಕಂತೆ. ಲೈಬ್ರರಿಯಲ್ಲಿ ಪರದೆ ಇಲ್ಲ, 'ಇಷ್ಟು ಸಣ್ಣ ಸಂಗತಿಯನ್ನು ನಿಮ್ಮ ಶಾಲೆಗೆ ನಿಭಾಯಿಸಲು ಬರುವುದಿಲ್ಲವೇ' ಎಂದು ಕೇಳಿದರಂತೆ. ಮೇಡಂ ಪೋಚಾದ ಕೋಲನ್ನು ಎರಡು ಬೆರಳಲ್ಲಿ ಎತ್ತಿದರು. ಕಾಶವ್ವನ ಮುಂದೆ ಚಾಚಿದರು. ಈಗ ನಗು ಇರಲಿಲ್ಲ.

"ಮಗಳ ಸೀಟಿನ ಬಗ್ಗೆ ಯೋಚನೆ ಮಾಡು."

"ಸೀಟು ಲಾಟರ್‍ಯಾಗ ಬಂದೈತ್ರಿ," ಅಂದಳು ಕಾಶವ್ವ. "ಪೋಚಾ ಹೊಡದು ಗಳಿಸಿಲ್ಲ." ಆಮೇಲೆ ಅದನ್ನೇ ತನ್ನ ಹರಕು ಹಿಂದಿಯಲ್ಲಿ ಹೇಳಿದಳು, ಮೇಡಂಗೆ ತಿಳಿಯಲಿ ಎಂದು.

ಚಾಚಿದ ಕೋಲು ಚಾಚಿದಂತೆಯೇ ಇತ್ತು. ಕಾಶವ್ವ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮೇಲಿನಿಂದ ಯಾರೋ ಮೇಡಂ, ಮೇಡಂ ಎಂದು ಕರೆದರು. ಪ್ರಿನ್ಸಿಪಾಲ್ ಬಾಗಿಲ ಕಡೆ ನೋಡಿದರು. ಸುತ್ತ ಬೇರೆ ಯಾರೂ ಇರಲಿಲ್ಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು, ಉಸಿರು ಬಿಗಿಹಿಡಿದರು, ಕೋಲಿನ ತುದಿಯನ್ನು ಆ ರೊಚ್ಚೆಯ ಮೇಲಿಟ್ಟು ತಳ್ಳಿದರು. ಅದು ಬಳಿಯಲಿಲ್ಲ, ಹರಡಿತು. ಕಿತ್ತಳೆ ನೀರು ಮುಂದಿನ ಸಾಲಿನ ಕುರ್ಚಿಗಳ ಕಡೆಗೆ ಹರಿದು ಬಂತು, ಅದರ ಹಿಂದೆ ಪೋಚಾ ಬಂತು, ಪೋಚಾದ ಹಿಂದೆ ಬಗ್ಗಿದ ಬೆನ್ನು.

ಲೋಕಲ್ ರೈಲಿನ ಡಬ್ಬಿಯಲ್ಲಿ, ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ, ಗುಡಿಸುವವಳು ಬಂದಾಗ ಕೂತ ಜನ ಅವಳ ಮುಖ ನೋಡದೆ ಏನು ಮಾಡುತ್ತಾರೋ, ಕಾಶವ್ವ ಅದನ್ನೇ ಮಾಡಿದಳು. ಎರಡೂ ಕಾಲುಗಳನ್ನು ನೆಲದಿಂದ ಮೇಲಕ್ಕೆತ್ತಿದಳು.

"ಸ್ನೇಹಲ್," ಅಂದಳು, "ಕಾಲ ಎತ್ತು. ಮೇಡಂ ಒರಸಾಕತ್ಯಾರ."

ಹುಡುಗಿ ತಾಯಿಯನ್ನು ನೋಡಿದಳು. ನೆಲದ ಮೇಲಿನ ಬೆನ್ನನ್ನು ನೋಡಿದಳು. ನಿಧಾನವಾಗಿ ಕಾಲೆತ್ತಿದಳು.